ಹಿಂದಿನ ಸೀಟಿನ ಬೆಲ್ಟು

ಹಳೇ ಕಾರುಗಳ ಆ ಅಂಗಳದಲ್ಲಿ ಅವಳಿಗೆ ಬೆಲ್ಟಕ್ಕ ಎಂದೇ ಹೆಸರು. ಯಜಮಾನನಿಗೆ ಅವಳು ಒಡಹುಟ್ಟಿದ ಅಕ್ಕ. ಫೋರ್ಕ್‌ಲಿಫ್ಟ್ ಓಡಿಸುವ ಮೀಸೆಯವನು ಅವಳಿಗಿಂತ ಮೂರು ವರ್ಷ ದೊಡ್ಡವನಾದರೂ ಅವನಿಗೂ ಅಕ್ಕನೇ. ಐವತ್ತೆರಡು ವರ್ಷದಲ್ಲಿ ಅವಳು ಯಾರನ್ನೂ ಕಟ್ಟಿಕೊಂಡವಳಲ್ಲ, ಕಟ್ಟಿದ್ದೆಲ್ಲ ಇಂಜಿನ್ನುಗಳನ್ನೇ. ಅವು ಕಟ್ಟಿದ ಮೇಲೆ ಎದುರುತ್ತರ ಕೊಡುವುದಿಲ್ಲ, ದೂರದೇಶಕ್ಕೆ ಹೋದರೆ ವಾಪಸೂ ಬರುವುದಿಲ್ಲ ಎಂಬುದು ಅವಳ ಸಮಾಧಾನ.

ಅಲ್ಲಿನ ಕಸುಬು ಸರಳ. ಓಡಿ ಓಡಿ ಸುಸ್ತಾದ ಕಾರುಗಳನ್ನು ಬಿಚ್ಚುವುದು, ಇನ್ನೂ ಉಸಿರಿರುವ ಇಂಜಿನ್ನು, ಗೇರ್‌ಬಾಕ್ಸುಗಳನ್ನು ಹಡಗಿನಲ್ಲಿ ಕಡಲಾಚೆಗೆ ಕಳಿಸುವುದು. ಕೊಳ್ಳುವುದು, ಮಾರುವುದು, ಫೋನಿನಲ್ಲಿ ನಗುವುದು ತಮ್ಮನ ಪಾಲು. ಎಣ್ಣೆ ಬಸಿದು, ತೂತುಗಳಿಗೆ ಬಟ್ಟೆ ತುರುಕಿ, ಮರದ ಹಲಗೆಯ ಮೇಲೆ ಕೂರಿಸಿ, ಸಮುದ್ರ ಎಷ್ಟೇ ಹೊರಳಾಡಿದರೂ ಅಲುಗದಂತೆ ಬಿಗಿಯುವುದು ಅಕ್ಕನ ಪಾಲು.

ಮೊದಲ ವರ್ಷ ಅವಳೂ ಎಲ್ಲರಂತೆ ಕಬ್ಬಿಣದ ಪಟ್ಟಿಯಲ್ಲೇ ಬಿಗಿದಿದ್ದಳು. ಒಂದು ತಿಂಗಳ ಪಯಣದಲ್ಲಿ ಹಲಗೆ ಒಣಗಿ ಕುಗ್ಗಿತು, ಪಟ್ಟಿ ಸಡಿಲವಾಯಿತು, ಇಂಜಿನ್ನು ಜಾರಿ ಬುಡದ ಎಣ್ಣೆ ಚೇಂಬರನ್ನು ತಾನೇ ಒಡೆದುಕೊಂಡಿತು. ಕೊಂಡವನು ಬೈಗುಳವೊಂದನ್ನೂ ಬರೆಯದೆ ಬರೀ ಫೋಟೋ ಕಳಿಸಿದ. ಅದನ್ನು ಅಕ್ಕ ತನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡಳು. ಕಣ್ಣೆತ್ತಿದರೆ ಅದೇ ಕಾಣುತ್ತಿತ್ತು.

ಆಮೇಲೆ ಅವಳ ಕಣ್ಣು ಬಿದ್ದದ್ದು ಅಂಗಳದ ತುಂಬ ಬಿದ್ದಿದ್ದ ಸೀಟ್ ಬೆಲ್ಟುಗಳ ಮೇಲೆ. ಬೆಲ್ಟು ಸುತ್ತಿ, ಕಬ್ಬಿಣದ ರಾಡು ತೂರಿಸಿ, ಮೂರು ತಿರುವು ತಿರುಚಿ ಬಿಗಿದರೆ ಹಲಗೆ ಕುಗ್ಗಿದರೂ ಅದು ಹಿಡಿತ ಬಿಡುತ್ತಿರಲಿಲ್ಲ. ಆದರೆ ಅವಳದೊಂದು ಶಿಸ್ತು: ಹಿಂದಿನ ಸೀಟಿನ ಬೆಲ್ಟೇ ಆಗಬೇಕು. ಮುಂದಿನದು ಅಪಘಾತದಲ್ಲಿ ಒಮ್ಮೆ ಜಗ್ಗಿದ್ದರೆ ಒಳಗೊಳಗೇ ಸೋತಿರುತ್ತದೆ. ಹಿಂದಿನದನ್ನು ಯಾರೂ ಹಾಕಿಕೊಳ್ಳುವುದಿಲ್ಲವಾದ್ದರಿಂದ ಕಾರು ಮುದಿಯಾದರೂ ಬೆಲ್ಟು ಮದುವಣಗಿತ್ತಿಯಂತೆ ಹೊಸದಾಗಿಯೇ ಇರುತ್ತದೆ. ಜನರ ಸೋಮಾರಿತನ ಲೋಕಕ್ಕೆ ಮಾಡಿದ ಏಕೈಕ ಉಪಕಾರ ಇದು ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಗೋಡೆಗೆ ಎರಡನೆಯ ಫೋಟೋ ಬರಲಿಲ್ಲ.

ಬಂದದ್ದು ಹಡಗು ಕಂಪನಿಯ ಹೊಸ ತಪಾಸಣೆಯವನು. ಅವನ ಕಾಗದದಲ್ಲಿ ಕಬ್ಬಿಣದ ಪಟ್ಟಿ ಎಂದಿತ್ತು, ಬೆಲ್ಟು ಎಂದಿರಲಿಲ್ಲ. ಹಿಂದಿನ ವಾರವೇ ಫೋನಿನಲ್ಲಿ ಎಚ್ಚರಿಸಿದ್ದ. ತಮ್ಮ ಹೆದರಿ ಪ್ಯಾಕಿಂಗ್ ಕಂಪನಿಯೊಂದರ ಕಾರ್ಡು ತಂದು ಮೇಜಿನ ಮೇಲಿಟ್ಟಿದ್ದ. ಈ ಸಲ ಹಡಗಿಗೆ ಹೋಗಬೇಕಾದ ಹನ್ನೆರಡು ಇಂಜಿನ್ನು ತಿರಸ್ಕಾರವಾದರೆ ಇನ್ನು ಮುಂದೆ ಕಟ್ಟುವ ಕೆಲಸ ಆ ಕಂಪನಿಗೆ, ಅಕ್ಕ ಒಳಗೆ ಕೂತು ಫೋನ್ ನೋಡಿಕೊಂಡರೆ ಸಾಕು ಎಂದ.

"ನೋಡ್ಕೊಳ್ಳೋಕೆ ಫೋನೇನು ಎಳೇ ಮಗುವಾ?" ಎಂದಳು ಅಕ್ಕ. ಅಷ್ಟು ಹೇಳಿ ರಾಡು ಎತ್ತಿಕೊಂಡು ಹೊರಟುಹೋದಳು. ರಾತ್ರಿ ಊಟ ಮಾತ್ರ ಸೇರಲಿಲ್ಲ. ಇಂಜಿನ್ನು ಬಿಟ್ಟರೆ ಅವಳ ಕೈಗೆ ಬೇರೆ ಭಾಷೆ ಬರುತ್ತಿರಲಿಲ್ಲ.

ಮಾಲು ಹೊರಡುವ ದಿನ ಕಂಟೇನರ್ ಬಾಗಿಲು ಮುಚ್ಚುವುದು ನಾಲ್ಕಕ್ಕೆ. ತಪಾಸಣೆಯವನು ಬಂದದ್ದು ಎರಡಕ್ಕೆ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಮೊದಲ ಹಲಗೆಯ ಹತ್ತಿರವೇ ನಿಂತು, ಇದು ನಡೆಯುವುದಿಲ್ಲ, ಬೆಲ್ಟಿಗೆ ಏನು ಖಾತರಿ ಎಂದ.

"ಸಾರ್, ಮನೆಯಿಂದ ಇಲ್ಲಿಗೆ ಬರುವಾಗ ಎದೆಗೆ ಏನು ಕಟ್ಕೊಂಡು ಬಂದ್ರಿ? ಕಬ್ಬಿಣದ ಪಟ್ಟಿನಾ?"

ಮೀಸೆಯವನು ನಗು ತಡೆಯಲಾರದೆ ಇಂಜಿನ್ನಿನ ಹಿಂದೆ ಕೂತ. ತಪಾಸಣೆಯವನು ಬೆಲ್ಟನ್ನು ಬೆರಳಿನಿಂದ ಜಗ್ಗಿ ನೋಡಿದ. ಕೊನೆಗೆ, ಒಂದು ಹಲಗೆಯನ್ನು ಓರೆಯಾಗಿ ಎತ್ತಿ ನೋಡೋಣ, ಅಲುಗದಿದ್ದರೆ ಬಿಡುತ್ತೇನೆ ಎಂದು ಮೂರನೆಯದನ್ನು ತೋರಿಸಿದ. ತಮ್ಮನ ಮುಖ ಅರಳಿತು. ಮೂರನೆಯದು ಗಟ್ಟಿಯಾಗಿತ್ತು, ಗೆದ್ದಂತೆಯೇ.

ಅಷ್ಟರಲ್ಲಿ ಅಕ್ಕನ ಕಣ್ಣು ಏಳನೆಯದರ ಮೇಲೆ ಬಿತ್ತು. ಆ ಬೆಲ್ಟಿನ ಅಂಚು ಅಲೆಯಲೆಯಾಗಿ ಸುಕ್ಕಾಗಿತ್ತು, ಬಕಲು ಉಜ್ಜಿದ ಕಡೆ ಕರಗಿ ಮಿರುಗುತ್ತಿತ್ತು. ಮೂತಿ ನಜ್ಜುಗುಜ್ಜಾದ ಬಿಳಿ ಕಾರಿನ ಡ್ರೈವರ್ ಬೆಲ್ಟು. ಅವಳು ತಮ್ಮನ ಕಡೆ ನೋಡಿದಳು. ಅವನು ಆಕಾಶ ನೋಡಿದ. ನಿನ್ನೆ ಸಂಜೆ ಒಂದು ಬೆಲ್ಟು ಕಮ್ಮಿ ಬಿದ್ದಾಗ, ಹೇಗಿದ್ದರೂ ಬೆಲ್ಟು ಬೆಲ್ಟೇ ಎಂದು ಅವನೇ ಕೊಯ್ದು ಬಿಗಿದಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸಮುದ್ರಕ್ಕೆ ಬಿಟ್ಟು. ಅಕ್ಕ ಸೊಂಟದ ಚಾಕು ತೆಗೆದಳು. "ಸುಮ್ನಿರು ಅಕ್ಕಾ, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋಬೇಡ" ಎಂದು ತಮ್ಮ ಪಿಸುಗುಟ್ಟಿದ. ಅವಳು ಬೆಲ್ಟನ್ನು ಕೊಯ್ದು ತಪಾಸಣೆಯವನ ಕೈಗೇ ಕೊಟ್ಟಳು.

"ಇದನ್ನೇ ನಾನು ಹೇಳಿದ್ದು" ಎಂದ ಅವನು.

"ಅಲ್ಲ ಸಾರ್. ಬೆಲ್ಟೆಲ್ಲ ಕೆಟ್ಟದ್ದು ಅಂದ್ರಿ ನೀವು. ಇದೊಂದು ಕೆಟ್ಟದ್ದು ಅಂತೀನಿ ನಾನು. ನಿಮ್ಮ ಕಾಗದಕ್ಕೆ ಅದು ಗೊತ್ತಾಗಲ್ಲ, ನನ್ನ ಕೈಗೆ ಗೊತ್ತಾಗತ್ತೆ. ಎತ್ತೋದಾದ್ರೆ ಮೂರನೇದು ಬೇಡ, ಈ ಏಳನೇದನ್ನೇ ಎತ್ತಿ. ಹತ್ತು ನಿಮಿಷ ಕೊಡಿ."

ಆದರೆ ಬೆಲ್ಟು? ಅಂಗಳದ ಕಾರುಗಳೆಲ್ಲ ಬರಿದಾಗಿದ್ದವು. ಅಕ್ಕ ಸುತ್ತ ಒಮ್ಮೆ ನೋಡಿ ಗೇಟಿನ ಕಡೆ ನಡೆದಳು. ಅಲ್ಲಿ ತಮ್ಮನ ಸ್ವಂತ ಕಾರು ನಿಂತಿತ್ತು, ಎಂಟು ತಿಂಗಳ ಕೂಸು. ಅವನು "ಅಕ್ಕಾ" ಎನ್ನುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದಿತ್ತು, "ಬೇಡ" ಎನ್ನುವಷ್ಟರಲ್ಲಿ ಬೆಲ್ಟು ಅವಳ ಹೆಗಲ ಮೇಲಿತ್ತು.

ಸುತ್ತಿದಳು, ರಾಡು ತೂರಿಸಿದಳು, ಮೂರು ತಿರುಚಿದಳು. ಸಿಟ್ಟಿಗೆ ಇನ್ನರ್ಧ ತಿರುವು. ಮೀಸೆಯವನು ಹಲಗೆಯ ಒಂದು ಅಂಚನ್ನು ಎತ್ತತೊಡಗಿದ. ಒಂದು ಗೇಣು, ಒಂದು ಮೊಳ. ಮರ ನರಳಿತು, ಬೆಲ್ಟು ಹುರಿಗೊಂಡಿತು. ಇಂಜಿನ್ನು ಮಾತ್ರ ಅಕ್ಕನ ಹಾಗೇ ಕೂತಿತ್ತು, ಜಪ್ಪಯ್ಯ ಅಂದರೂ ಅಲುಗದೆ. ತಪಾಸಣೆಯವನು ಸಾಕು ಎಂದ. ಅಕ್ಕ ಇನ್ನೂ ಎತ್ತು ಎಂದಳು. ಇನ್ನೊಂದು ಗೇಣು ಎತ್ತಿಸಿದ ಮೇಲೆಯೇ ಇಳಿಸಲು ಬಿಟ್ಟಳು.

ಅವನು ಕಾಗದದಲ್ಲಿ ಕಬ್ಬಿಣದ ಪಟ್ಟಿ ಎಂಬುದನ್ನು ಹೊಡೆದು ಬೆಲ್ಟು ಎಂದು ಬರೆದ. ಕಟ್ಟಿದವರು ಸಹಿ ಮಾಡಬೇಕು ಎಂದ. ತಮ್ಮ ಪೆನ್ನಿಗೆ ಕೈ ಚಾಚಿದ. "ನೀನು ಕಟ್ಟಿದ್ದನ್ನ ನಾನು ಕೊಯ್ದಾಯ್ತು" ಎಂದು ಅಕ್ಕ ಪೆನ್ನು ಕಸಿದುಕೊಂಡಳು. ಮುಂದಿನ ಸಲಕ್ಕೆ ತಾನು ಮಾತು ಕೊಡಲಾರೆ, ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದು ತಪಾಸಣೆಯವನು ಮೆಲ್ಲಗೆ ಹೇಳಿದ. ಬರೆಯಿರಿ, ಆಗ ಅವರನ್ನೂ ಕರೆದುಕೊಂಡು ಬನ್ನಿ, ಎತ್ತಿ ತೋರಿಸುತ್ತೇನೆ ಎಂದಳು ಅಕ್ಕ. ನಾಲ್ಕಕ್ಕೆ ಐದು ನಿಮಿಷವಿರುವಾಗ ಕಂಟೇನರ್ ಬಾಗಿಲು ಮುಚ್ಚಿತು. ಸುಕ್ಕಾದ ಬೆಲ್ಟನ್ನು ಅವಳು ಗೋಡೆಯ ಫೋಟೋದ ಪಕ್ಕ ಮೊಳೆ ಹೊಡೆದು ನೇತುಹಾಕಿದಳು, ಪ್ಯಾಕಿಂಗ್ ಕಂಪನಿಯ ಕಾರ್ಡನ್ನು ಅಲುಗುತ್ತಿದ್ದ ಮೇಜಿನ ಕಾಲಿನಡಿ ಮಡಚಿಟ್ಟಳು. ತಮ್ಮ ನೋಡಿದ, ತೆಗೆಯಲಿಲ್ಲ.

ಮನೆಗೆ ಹೊರಟಾಗ ಅವಳು ಎಂದಿನಂತೆ ಹಿಂದಿನ ಸೀಟಿನಲ್ಲೇ ಕೂತಳು. ಪಕ್ಕದಲ್ಲಿ ತುಂಡು ಬೆಲ್ಟು ಬಾಲದಂತೆ ಜೋತಾಡುತ್ತಿತ್ತು. ತಮ್ಮ ಕನ್ನಡಿಯಲ್ಲಿ ನೋಡಿ, ಮುಂದೆ ಬಂದು ಕೂತ್ಕೋ ಎಂದ. ಅವಳು ಒಲ್ಲೆ ಎಂದಳು.

"ನಿಧಾನಕ್ಕೆ ಓಡ್ಸು. ಹಿಂದೆ ಇರೋದು ಕಟ್ಟಿಲ್ಲದ ಸಾಮಾನು."