ಹಗ್ಗದ ನಾಡಿ ನೋಡುತ್ತಿದ್ದ ಅಂದಾನಿ

"ರೀ, ಮೊಸರನ್ನಕ್ಕೆ ಉಪ್ಪಿನಕಾಯಿ ಯಾವಾಗ ಹಾಕ್ಕೊಂಡ್ರಿ?"

"ನೀನು ಬಡಿಸಿದ್ರೆ ತಾನೆ ಹಾಕ್ಕೊಳ್ಳೋದು?" ಎಂದು ಅಂದಾನಿ ತಟ್ಟೆ ನೋಡಿಕೊಂಡ. ಕಲಸಿದ ಅನ್ನದ ತುಂಬ ಕೆಂಪು. ಹೆಂಡತಿ ಶಿವಲಿಂಗಮ್ಮ ಅವನ ಬಲಗೈ ಎತ್ತಿ ಹಿಡಿದಳು. ಹೆಬ್ಬೆರಳಲ್ಲಿ ಉಕ್ಕಿನ ತಂತಿಯ ಚೂರೊಂದು ಮುರಿದು ಕೂತಿತ್ತು. ಕೈ ತೊಳೆಯುವಾಗಲೂ ಅವನಿಗೆ ಗೊತ್ತಾಗಿರಲಿಲ್ಲ.

ಚಾಮರಾಜನಗರದ ಕಡೆಯಿಂದ ಬಂದು ತಮಿಳು ಸೀಮೆಯ ಪಲ್ಲಾವರಂನಲ್ಲಿ ಬೇರುಬಿಟ್ಟ ಅಂದಾನಿ, ಹೆಸರು ಏನೇ ಸೂಚಿಸಲಿ, ಅಂದಾಜಿನ ಗಿರಾಕಿಯಲ್ಲ. ಗಣಿಗಳಿಗೆ ತಂತಿಹಗ್ಗ ಹೊಸೆದು ಕಳಿಸುವ, ಹಳೆಯದನ್ನು ತೊಳೆದು ಗ್ರೀಸು ಉಣಿಸಿ ಮರಳಿಸುವ ಶೆಡ್ಡಿನಲ್ಲಿ ಅವನದು ತಪಾಸಣೆಯ ಕೆಲಸ. ತೆಳು ತಂತಿಗಳನ್ನು ತಿರುಚಿದರೆ ಒಂದು ಎಳೆ. ಎಣ್ಣೆ ಕುಡಿದ ನಾರಿನ ಸುತ್ತ ಅಂಥ ಎಳೆಗಳನ್ನು ಹೊಸೆದರೆ ಹಗ್ಗ. "ಹಗ್ಗದೊಳಗೆ ನಾರಿರತ್ತೋ ಇಲ್ವೋ, ನೀವಂತೂ ನಾರ್ತೀರಿ" ಎಂದು ಶಿವಲಿಂಗಮ್ಮ ಅವನ ಅಂಗಿಗೆ ಬೇರೆಯೇ ಬಕೆಟ್ಟಿಟ್ಟಿದ್ದಳು.

ಹಳೇ ಹಗ್ಗ ನಿಧಾನಕ್ಕೆ ಸರಿಯುವಾಗ ಹತ್ತಿಬಟ್ಟೆ ಸುತ್ತಿ ಹಿಡಿದರೆ, ಮುರಿದ ತಂತಿ ನೂಲು ಕಚ್ಚಿ ತಾನೇ ಚಾಡಿ ಹೇಳುತ್ತದೆ. ಎಳೆಗಳ ಸಂದಿನಲ್ಲಿ ಮುರಿದದ್ದು ಮಾತ್ರ ಬಟ್ಟೆಗೆ ಸಿಗದು. ಅದಕ್ಕೆ ಅಂದಾನಿ ಹಗ್ಗ ನಿಲ್ಲಿಸಿ, ಜಪಮಣಿ ಹಿಡಿದ ಚರ್ಚಿನ ಸಿಸ್ಟರಮ್ಮನ ಹಾಗೆ ಕಣ್ಣುಮುಚ್ಚಿ, ಸಂದುಸಂದಿಗೂ ಹೆಬ್ಬೆರಳು ಒತ್ತುತ್ತಿದ್ದ. ಅವನು ಹಳದಿ ಗುರುತು ಬಳಿದನೆಂದರೆ ಹಗ್ಗ ಲಾರಿ ಹತ್ತಿದಂತೆಯೇ. ಆಮೇಲೆ ಅದರ ತುದಿಗೆ ನೇತುಬಿದ್ದ ಲಿಫ್ಟಿನಲ್ಲಿ ಜನ ಗಣಿಗಿಳಿಯುತ್ತಿದ್ದರು.

ಸಕ್ಕರೆ ಕಾಯಿಲೆ ಮೊದಲು ಹಿಡಿದದ್ದು ಕಾಲನ್ನು. ಒಮ್ಮೆ ಸ್ಟೇಷನ್ ಮೆಟ್ಟಿಲಲ್ಲಿ ಕಳಚಿದ್ದು ತಿಳಿಯದೆ ಒಂಟಿ ಚಪ್ಪಲಿಯಲ್ಲೇ ಮನೆ ಸೇರಿದ್ದ. "ಇನ್ನೊಂದನ್ನ ಯಾವ ದೇವರಿಗೆ ಹರಕೆ ಒಪ್ಪಿಸಿದ್ರಿ?" ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ.

ಇವತ್ತು ಇಬ್ಬರೂ ನಗಲಿಲ್ಲ. ಅವಳು ಸೂಜಿಯಿಂದ ಚೂರನ್ನು ಮೀಟಿ ತೆಗೆದಳು.

"ನೋಯ್ತದಾ?"

"ಇಲ್ಲ."

"ಸುಳ್ಳಾದ್ರೂ ಹೇಳಿ ರೀ, ನೋಯ್ತದೆ ಅಂತ."

ಅಂದಾನಿ ಚೂರನ್ನೇ ನೋಡುತ್ತಿದ್ದ. "ಬೆಳಿಗ್ಗೆ ಮುಟ್ಟಿದ್ದು ಒಂದೇ ಹಗ್ಗ ಕಣೇ. ಚೆನ್ನಾಗಿದೆ ಅಂತ ಹಳದಿ ಬಳಿದುಬಿಟ್ಟೆ."

"ಲಾರಿ ಹೋಯ್ತಾ?"

"ಸಂಜೆಗೆ."

"ಮತ್ತೆ ಇನ್ನೂ ಕೂತಿದೀರಲ್ಲ!"

"ಹೇಳಿದ್ರೆ ಇನ್ಯಾವತ್ತೂ ಮುಟ್ಟೋಕೆ ಬಿಡಲ್ಲ ಕಣೇ, ಶಿವಲಿಂಗಿ."

ಅವಳು ತಟ್ಟೆಯಲ್ಲೇ ಕೈ ತೊಳೆಸಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಚಪ್ಪಲಿ ತಂದು ಕಾಲಬುಡಕ್ಕಿಟ್ಟಳು.

ಶೆಡ್ಡಿನ ಸೂಪರ್‌ವೈಸರ್ ಮಧುಸೂದನ್, ಮೈಸೂರಿನವನು, ಬಾಗಿಲಲ್ಲೇ ಸಿಕ್ಕ. "ಏನ್ ಅಂದಾನಿಯವ್ರೇ, ಊಟ ಬಿಟ್ಟು ಓಡಿ ಬಂದ್ರಿ? ಮನೇಲಿ ಉಪ್ಪಿಟ್ಟಾ?"

"ಲಾರಿ ನಿಲ್ಲಿಸಿ ಸಾರ್. ನನ್ನ ಕೈ ಸತ್ತಿದೆ."

ಹಗ್ಗವನ್ನು ಮತ್ತೆ ಬಿಚ್ಚಿದರು. ಈ ಸಲ ಮಧುಸೂದನ್ ತಾನೇ ಬೆರಳೊತ್ತುತ್ತ ಹೋದ. ಒಂದು ಕಡೆ "ಅಯ್ಯೋ!" ಎಂದು ಕೈ ಕಿತ್ತುಕೊಂಡ. ಅಲ್ಲಿ, ಸಂದಿನೊಳಗೆ, ಒಂದೇ ಜಾಗದಲ್ಲಿ ತಂತಿಗಳು ಗುಂಪಾಗಿ ಮುರಿದಿದ್ದವು. ಜನ ಉಳಿದರು ಎಂದು ಸಮಾಧಾನವಾಗುವ ಮೊದಲು ಅಂದಾನಿಗೆ ಹೊಟ್ಟೆಕಿಚ್ಚಾಯಿತು. ಆ "ಅಯ್ಯೋ" ತನ್ನದಾಗಬೇಕಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೀ ತಂದವನು, "ಸುಡುತ್ತೆ ಅಣ್ಣಾ, ಪಾತ್ತು, ಹುಷಾರು" ಎಂದು ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಟ್ಟ. ಮಧುಸೂದನ್ ಮೆಲ್ಲಗೆ, "ನಾಳೆಯಿಂದ ಆಫೀಸಲ್ಲೇ ಕೂತ್ಕೊಳ್ಳಿ. ಫ್ಯಾನ್ ಇದೆ" ಎಂದ. ಅಂದಾನಿ ತಲೆಯಾಡಿಸಿದ. ತಾನು ಬಳಿದ ಹಳದಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ತಾನೇ ಒರೆಸಿ ಮನೆಗೆ ನಡೆದ.

ಸಂಜೆ ಹೆಂಡತಿಯ ಎದುರು ಕೂತು ಕೈ ಚಾಚಿದ. "ಒಂದೊಂದೇ ಬೆರಳ ತುದಿ ಮುಟ್ಟು. ಯಾವುದು ಅಂತ ನಾನು ಹೇಳ್ತೀನಿ. ಎಲ್ಲಾ ಸತ್ತಿರಲ್ಲ."

ಕಣ್ಣು ಮುಚ್ಚಿದ. ಕಾದ. ಬೀದಿಯಲ್ಲಿ ಹೂವಿನವಳು ಕೂಗುತ್ತ ಹೋದಳು. "ಮುಟ್ಟೇ" ಎಂದ. ರೆಪ್ಪೆಯನ್ನು ಕೊಂಚವೇ ತೆರೆದ.

ಶಿವಲಿಂಗಮ್ಮ ಅವನ ಬೆರಳ ತುದಿಗಳನ್ನು ಒಂದೊಂದಾಗಿ ಸವರುತ್ತಿದ್ದಳು. ಕಿರುಬೆರಳು ಮುಗಿಸಿ ಮತ್ತೆ ತೋರುಬೆರಳಿಗೆ ಬಂದಿದ್ದಳು. ಅವನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಇರಿ ರೀ" ಎಂದಳು, ಸವರುತ್ತಲೇ. "ಇನ್ನೂ ಮುಟ್ಟಿಲ್ಲ."

ಅಂದಾನಿ ಮತ್ತೆ ಕಣ್ಣು ಮುಚ್ಚಿದ. "ಸರಿ. ನಿಧಾನಕ್ಕೇ ಮುಟ್ಟು."