ಸದ್ದಿಲ್ಲದ ಡಬ್ಬಗಳ ಮೆಹರ್ ಆಪಾ

ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಮೆಹರ್ ಆಪಾ ಕಂಪ್ಯೂಟರನ್ನು ಕೈಯ ಹಿಂಭಾಗದಿಂದ ಮುಟ್ಟಿ ನೋಡುತ್ತಿದ್ದರು. ಆಮೇಲೆ ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಡಬ್ಬದ ಹತ್ತಿರ ಬಗ್ಗುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಕೆಮ್ಮಿದರೂ ಕೈ ಎತ್ತಿ ಸುಮ್ಮನಾಗಿಸುತ್ತಿದ್ದರು. ಎದ್ದು ನಿಂತ ಮೇಲೆ ಅವರ ತೀರ್ಪು ಹೊರಬೀಳುತ್ತಿತ್ತು: "ಬೆಚ್ಚಗಿದೆ, ಇರ್ಲಿ. ಕೆಲಸ ಮಾಡೋರು ಬೆಚ್ಚಗಿರ್ತಾರೆ. ಕೂಗಾಡೋದು ಮಾತ್ರ ನನ್ ಮನೇಲಿ ನಡಿಯಲ್ಲ."

ನಾನು ಸಿ.ವಿ. ರಾಮನ್ ನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಕಣ್ಣು ಕಾಣದ ಕಾಲೇಜು ಹುಡುಗಿಯರಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುವುದು ಶಾಲೆಯ ಹೊರಗಿನ ನನ್ನ ಕೆಲಸ. ನನ್ನ ದನಿಯನ್ನು ಕೇಳುತ್ತಿದ್ದವರಲ್ಲಿ ಹಲಸೂರಿನ ಹಾಸ್ಟೆಲಿನ ಚಂದ್ರಿಕಾ ಸ್ವಲ್ಪ ಬಾಯಿ ಜೋರಿನವಳು. ಒಂದು ದಿನ ಫೋನ್ ಮಾಡಿ, "ಮಿಸ್, ನಿಮ್ಮನೇಲಿ ಯಾವಾಗ್ಲೂ ಮಳೆ ಬರ್ತಿರತ್ತಾ?" ಎಂದು ಕೇಳಿದಳು. ಮಳೆಯಲ್ಲ, ಅದು ನನ್ನ ಕಂಪ್ಯೂಟರಿನ ಫ್ಯಾನು. ಅದರ ಮೊರೆತ ಪ್ರತಿ ಪಾಠದ ಕೆಳಗೂ ಹರಿಯುತ್ತಿತ್ತು. ಮೈಕ್ ಬದಲಿಸಿದೆ, ಕಂಬಳಿ ಹೊದಿಸಿದೆ, ಮೇಜಿನ ಕೆಳಗೆ ಬಚ್ಚಿಟ್ಟೆ. ಕೊನೆಗೆ ನನ್ನ ಸಹೋದ್ಯೋಗಿ ಆಯೇಷಾ, "ನಮ್ಮ ಖಾಲಾ ಹತ್ರ ಹೋಗಿ ಬನ್ರೀ, ಆದ್ರೆ ಬೈಸ್ಕೊಳ್ಳೋಕೆ ರೆಡಿಯಾಗಿ ಹೋಗಿ," ಎಂದು ತನ್ನ ಚಿಕ್ಕಮ್ಮ ಮೆಹರ್ ಆಪಾ ಅವರ ಶಿವಾಜಿನಗರದ ವಿಳಾಸ ಕೊಟ್ಟಳು.

ಗಲ್ಲಿಯೊಳಗೆ ಕೆಳಗಡೆ ಛತ್ರಿ ರಿಪೇರಿ ಅಂಗಡಿ, ಮೇಲೆ ಅವರ ಮನೆ. ಮನೆಯೆಂದರೆ ಒಂದು ಉದ್ದನೆಯ ಹಾಲ್, ಅದರ ಹಿಂದೆ ಅಡುಗೆಮನೆ. ಕಿಟಕಿಯ ಪಕ್ಕ ಆಪಾ ಅವರ ಮೇಜು: ಸೋಲ್ಡರಿಂಗ್ ಐರನ್, ಉಪ್ಪಿನಕಾಯಿ ಬಾಟಲಿಗಳ ತುಂಬ ಸ್ಕ್ರೂಗಳು, ಗುಜರಿಯಿಂದ ಆರಿಸಿ ತಂದ ಹಳೆಯ ಆಂಪ್ಲಿಫೈಯರ್‌ಗಳ, ಕಾವು ಆರಿಸುವ ಅಲ್ಯೂಮಿನಿಯಂ ರೆಕ್ಕೆಗಳು. ಎದುರು ಗೋಡೆಗೆ ಮಂಚ. ಮಂಚದ ಮೇಲೆ ದಿಂಬಿಗೊರಗಿ ಅವರ ಗಂಡ ರಫೀಕ್ ಸಾಹೇಬರು. ಆಪಾ ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದು ಸ್ವಯಂ ನಿವೃತ್ತಿ ಪಡೆದವರು. ಸಾಹೇಬರು ದರ್ಜಿ. ಶ್ವಾಸಕೋಶ ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿ ಮನೆ ಸೇರಿದ್ದರು.

ನಾನು ಹೊತ್ತು ತಂದಿದ್ದ ದೊಡ್ಡ ಕಂಪ್ಯೂಟರನ್ನು ಆಪಾ ಸುತ್ತ ತಿರುಗಿ ನೋಡಿದರು.

"ಇದ್ರಲ್ಲಿ ಏನ್ ಮಾಡ್ತೀರಿ?"

"ಪಾಠ ಓದಿ ರೆಕಾರ್ಡ್ ಮಾಡ್ತೀನಿ. ಬೇರೇನಿಲ್ಲ."

"ಮತ್ತೆ ಇಷ್ಟು ದೊಡ್ಡದು ಕಾಯ್ಕೂ? ಒಂದು ಲೋಟ ಚಾಯ್‌ಗೆ ಯಾರಾದ್ರೂ ಬಿರಿಯಾನಿ ದೇಗ್ ಒಲೆ ಹಚ್ತಾರಾ ಟೀಚರಮ್ಮ? ಒಲೆ ದೊಡ್ಡದಾದ್ರೆ ಬಿಸಿ ಜಾಸ್ತಿ. ಬಿಸಿ ಜಾಸ್ತಿ ಆದ್ರೆ ಫ್ಯಾನ್ ಬೇಕು. ಫ್ಯಾನ್ ಬಂತು ಅಂದ್ರೆ ಗಲಾಟೆ. ಮೊದ್ಲು ಒಲೆ ಚಿಕ್ಕದು ಮಾಡಣ."

ಅವರ ವಿದ್ಯೆಯೆಲ್ಲ ಈ ನಾಲ್ಕು ಮಾತಿನಲ್ಲಿತ್ತು. ಅಂಗೈಯಗಲದ ಒಂದು ಬೋರ್ಡು, ಸ್ವಲ್ಪವೇ ಕರೆಂಟು ಕುಡಿಯುವ ಚಿಪ್, ಅದರ ಬೆನ್ನಿಗೆ ಅಂಟಿಕೊಂಡು ಕಾವನ್ನು ಹೊರಗೆ ಒಯ್ಯುವ ಅಲ್ಯೂಮಿನಿಯಂ ಮೈ. ತಿರುಗುವಂಥದ್ದು ಒಳಗೆ ಒಂದೂ ಇಲ್ಲ. ಚಿಪ್‌ಗೂ ಲೋಹಕ್ಕೂ ನಡುವೆ ಹಚ್ಚುವ ಬೂದು ಬಣ್ಣದ ಪೇಸ್ಟನ್ನು ಅಕ್ಕಿಕಾಳಿನಷ್ಟು ಇಟ್ಟು, "ಜಾಸ್ತಿ ಹಚ್ಚಿದ್ರೆ ಪ್ರೀತಿ ಜಾಸ್ತಿ ಅಂತ ಅಲ್ಲ," ಎಂದರು. ಮಂಚದಿಂದ ಸಾಹೇಬರು, "ನನಗೂ ಅದೇ ಲೆಕ್ಕ. ಸಕ್ಕರೆ ಅಕ್ಕಿಕಾಳಷ್ಟೇ ಹಾಕ್ತಾಳೆ," ಎಂದು ದೂರು ಕೊಟ್ಟರು.

ಡಬ್ಬ ಸಿದ್ಧವಾಯಿತು. ಆಪಾ ಗುಂಡಿ ಒತ್ತಿದರು. ನಾನು ಕಾದೆ. ಏನೂ ಕೇಳಿಸಲಿಲ್ಲ. "ಇನ್ನೂ ಆನ್ ಆಗ್ಲಿಲ್ವಾ ಆಪಾ?" ಎಂದೆ. ಗಂಡ ಹೆಂಡತಿ ಇಬ್ಬರೂ ನಕ್ಕರು. ಪರದೆಯ ಮೇಲೆ ಆಗಲೇ ಎಲ್ಲ ತೆರೆದುಕೊಂಡಿತ್ತು.

ಆಪಾ ಅವರಿಗೊಂದು ಅಭ್ಯಾಸವಿತ್ತು. ಎಷ್ಟೇ ಜೋರಾಗಿ ಮಾತಾಡುತ್ತಿರಲಿ, ನಡುವೆ ತಟ್ಟನೆ ನಿಂತು ತಲೆಯನ್ನು ಮಂಚದ ಕಡೆಗೆ ವಾಲಿಸುತ್ತಿದ್ದರು. ಒಂದು ಕ್ಷಣ ಹಾಗಿದ್ದು, ಬಿಟ್ಟ ಪದದಿಂದಲೇ ಮಾತು ಮುಂದುವರಿಸುತ್ತಿದ್ದರು. ಹೋಗಿ ಬಂದು ಸಲಿಗೆ ಬೆಳೆದ ಮೇಲೆ, ಸಾಹೇಬರು ಮಲಗಿದ್ದ ಒಂದು ಮಧ್ಯಾಹ್ನ ಅದೇಕೆಂದು ಕೇಳಿದೆ.

"ಮೊದ್ಲು ನನ್ ಹತ್ರಾನೂ ಕೂಗೋ ಕಂಪ್ಯೂಟರೇ ಇತ್ತು," ಎಂದರು, ಕೈಯ ಕೆಲಸ ಬಿಡದೆ. "ಎಂಬ್ರಾಯ್ಡರಿ ಡಿಸೈನ್ ಮಾಡಿ ಅಂಗಡಿಯೋರಿಗೆ ಕೊಡ್ತಿದ್ದೆ. ಒಂದಿನ ಅದ್ರಲ್ಲಿ ಮುಳುಗೋಗಿದ್ದೆ. ಹಿಂದೆ ಇವ್ರು ಉಸಿರಿಗೆ ಒದ್ದಾಡ್ತಾ ಇದ್ರು. ಕರೆದ್ರಂತೆ. ಆ ಫ್ಯಾನ್ ಸದ್ದಲ್ಲಿ ನನಗೆ ಕೇಳ್ಸಿಲ್ಲ. ಏನೋ ತಗೊಳ್ಳೋಕೆ ತಿರುಗ್ದೆ, ನೋಡಿದ್ರೆ ತುಟಿ ನೀಲಿ. ಕೆಳಗಿನ ಛತ್ರಿ ಅಂಗಡಿ ಭಾಯಿ ಹೆಗಲ ಮೇಲೆ ಹಾಕ್ಕೊಂಡು ಇಳಿಸಿದ್ರು. ಆಸ್ಪತ್ರೆಯಿಂದ ವಾಪಸ್ ಬಂದ ದಿನವೇ ಆ ಮೆಷಿನ್ ಬಿಚ್ಚಿ ಹಾಕ್ದೆ. ನಾನಿಲ್ಲಿ ಕೂತ್ರೆ ಅವ್ರ ಉಸಿರು ಕೇಳ್ಬೇಕು. ಕೇಳದೇ ಇರೋ ಹಂಗಿದ್ರೆ ಕೆಲಸಾನೇ ನಕ್ಕೋ, ಬೇಡ."

ಹೀಗೆ ಆಪಾ ತಮಗಾಗಿ ಮಾಡಿಕೊಂಡದ್ದನ್ನು ಕಂಡು ಒಬ್ಬರು ಕೇಳಿದರು, ಅವರ ಮನೆಯಲ್ಲಿ ಕಂಡು ಇನ್ನೊಬ್ಬರು. ಶಿಶುವಿರುವ ಮನೆಯವರು, ಸಂಗೀತ ಕಲಿಸುವವರು, ಪರೀಕ್ಷೆಗೆ ಓದುವವರು ಆ ಮೆಟ್ಟಿಲು ಹತ್ತಿ ಬರತೊಡಗಿದರು.

ನನ್ನ ಪಾಠಗಳೆಲ್ಲ ಒಂದೇ ಡಿಸ್ಕಿನಲ್ಲಿವೆ ಎಂದು ಆಪಾಗೆ ಗೊತ್ತಾದಾಗ ನನಗೆ ಆಯೇಷಾ ಹೇಳಿದ್ದ ಬೈಗುಳ ಸಿಕ್ಕಿತು. "ಇಷ್ಟು ವರ್ಷದ ದನಿ ಒಂದೇ ಕಡೆ ಇಟ್ಕೊಂಡು ನಿದ್ದೆ ಹೆಂಗೆ ಬರತ್ತೆ ನಿಮಗೆ?" ಎಂದು ಶುರುವಾಗಿ, ಪಾಠ ಇಡಲೆಂದೇ ಬೇರೆ ಡಬ್ಬ ಕಟ್ಟಿಕೊಡುವಲ್ಲಿಗೆ ಮುಗಿಯಿತು. ಅದರಲ್ಲಿ ಎರಡು ಡಿಸ್ಕುಗಳು, ಎರಡರಲ್ಲೂ ಅದೇ ಪಾಠ. ಹೆಚ್ಚು ಪಾಠ ಹಿಡಿಸುವ ಈ ಡಿಸ್ಕುಗಳು ಒಳಗೆ ತಿರುಗುವಂಥವು, ತಿರುಗಿದಾಗ ಡಬ್ಬವನ್ನೂ ಗುಂಯ್ ಎನಿಸುವಂಥವು. ಅದಕ್ಕೆ ಮದ್ದು ರಫೀಕ್ ಸಾಹೇಬರ ಹತ್ತಿರವಿತ್ತು. ಲಂಗದ ಸೊಂಟಕ್ಕೆ ಹಾಕುವ ಎಲಾಸ್ಟಿಕ್ ಪಟ್ಟಿಯಿಂದ ಅವರು ಪ್ರತಿ ಡಿಸ್ಕಿಗೂ ಒಂದು ತೊಟ್ಟಿಲು ಹೊಲಿಯುತ್ತಿದ್ದರು. ಲೋಹಕ್ಕೆ ತಗಲದೆ ತೊಟ್ಟಿಲಲ್ಲಿ ತೂಗುವ ಡಿಸ್ಕಿನ ನಡುಕ ಎಲಾಸ್ಟಿಕ್‌ನಲ್ಲೇ ಇಂಗಿಹೋಗುತ್ತಿತ್ತು. "ಜೀವಮಾನವೆಲ್ಲ ಹೆಂಗಸರ ಸೊಂಟದ ಅಳತೆ ತಗೊಂಡೆ," ಎನ್ನುತ್ತಿದ್ದರು ಸಾಹೇಬರು, ಸೂಜಿಗೆ ದಾರ ಪೋಣಿಸುತ್ತ. "ಈಗ ಇವುಗಳದ್ದು. ಇವು ಟೈಟಾಯ್ತು ಅಂತ ವಾಪಸ್ ಬರಲ್ಲ."

ಡಬ್ಬ ಕೊಡುವ ಮುನ್ನ ಆಪಾ ನನ್ನಿಂದ ಒಂದು ಕೆಲಸ ಮಾಡಿಸಿದರು. ನನ್ನದೇ ಪಾಠವೊಂದನ್ನು ಹಚ್ಚಿ, "ಈಗ ಒಂದು ಡಿಸ್ಕ್ ಎಳೀರಿ," ಎಂದರು.

"ಓಡ್ತಿರುವಾಗಲಾ? ನೀವೇ ಎಳೀರಿ ಆಪಾ."

"ನನ್ ಕೈ ನಂಬಿ ಏನ್ ಮಾಡ್ತೀರಿ? ನಿಮ್ ಕೈಯಿಂದ ಎಳೀರಿ."

ಎಳೆದೆ. ನನ್ನ ದನಿ ಒಂದಕ್ಷರವೂ ತಡವರಿಸದೆ ಓದುತ್ತಲೇ ಹೋಯಿತು. ಆಪಾ ಸೆರಗು ಸರಿಮಾಡಿಕೊಂಡರು. "ಹೌ. ಈಗ ಇಂಥದ್ದೇ ಇನ್ನೊಂದು ಡಬ್ಬ ಬೇರೆ ಮನೇಲಿ ಇಡಿ. ಒಂದೇ ಸೂರಿನ ಕೆಳಗೆ ನಾಲ್ಕು ಇದ್ರೂ ಅದು ಒಂದೇ."

ಆ ಇನ್ನೊಂದು ಡಬ್ಬವನ್ನು ಕೆ.ಆರ್. ಪುರದಲ್ಲಿರುವ ನನ್ನ ದೊಡ್ಡಮ್ಮನ ಮನೆಯಲ್ಲಿ ಇಟ್ಟೆವು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಕೊಂಡು, ಹಿತ್ತಿಲಲ್ಲಿ ಎರಡು ಹಸು ಸಾಕಿಕೊಂಡಿರುವವರು ಅವರು. ನಾನು ಇಲ್ಲಿ ಓದಿದ್ದು ಇಂಟರ್ನೆಟ್ಟಿನ ಮೂಲಕ ತಾನಾಗಿಯೇ ಅಲ್ಲಿಗೂ ಹೋಗಿ ಸೇರುತ್ತಿತ್ತು.

ಮರುವರ್ಷ, ಹುಡುಗಿಯರ ಪರೀಕ್ಷೆ ಹತ್ತಿರವಿದ್ದಾಗ, ಒಂದು ಸಂಜೆ ಬಿರುಗಾಳಿಗೆ ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಮನೆಗೆ ಬರಬಾರದಷ್ಟು ಕರೆಂಟು ನುಗ್ಗಿತು. ಫ್ರಿಜ್ಜು, ಟಿ.ವಿ., ರೆಕಾರ್ಡ್ ಮಾಡುವುದು, ಪಾಠ ಇಡುವುದು ಎಂದು ಮನೆಯಲ್ಲಿದ್ದ ಆಪಾ ಅವರ ಎರಡೂ ಡಬ್ಬ, ಎಲ್ಲ ಸುಟ್ಟವು. ಕಮರು ವಾಸನೆಯ ನಡುವೆ ನಿಂತು ಆಪಾಗೆ ಫೋನ್ ಮಾಡಿದೆ. ಅಳು ಬರುತ್ತಿತ್ತು.

"ಮನೇಲಿ ಎಲ್ರೂ ಚೆನ್ನಾಗಿದೀರಾ?" ಎಂದರು ಅವರು.

"ಚೆನ್ನಾಗಿದೀವಿ. ಆದ್ರೆ ಡಬ್ಬ..."

"ಹಂಗಾದ್ರೆ ಏನೂ ಹೋಗಿಲ್ಲ. ಚಾಯ್ ಕುಡ್ದು ಮಲಗಿ. ಬೆಳಿಗ್ಗೆ ಕೆ.ಆರ್. ಪುರಕ್ಕೆ ಹೋಗಣ."

ಬೆಳಿಗ್ಗೆ ದೊಡ್ಡಮ್ಮನ ಮನೆಯ ಹಜಾರಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ. ಡಬ್ಬದ ಮೇಲೆ ಒಂದು ಸ್ಟೀಲ್ ಪಾತ್ರೆ. ಪಾತ್ರೆಯ ತುಂಬ ಹಾಲು.

"ಇದೇನ್ ದೊಡ್ಡಮ್ಮ!"

"ಚಳೀಗೆ ಮೊಸರು ಎಪ್ಪಾಗ್ತಿರ್ಲಿಲ್ಲ ಕಣಮ್ಮಿ," ಎಂದರು ದೊಡ್ಡಮ್ಮ ನಿರಾಳವಾಗಿ. "ಇದು ಒಳ್ಳೇ ಬೆಚ್ಚಗೈತೆ. ಅವಾಗ್ಲಿಂದ ಇದ್ರ ಮೇಲೇ ಮಡಗ್ತಿದೀನಿ."

ಈಗ ಸಿಡಿಲು ಬೀಳುತ್ತದೆ ಎಂದು ನಾನು ಆಪಾ ಮುಖ ನೋಡಿದೆ. ಆಪಾ ಕೈಯ ಹಿಂಭಾಗದಿಂದ ಪಾತ್ರೆಯನ್ನು ಮುಟ್ಟಿದರು. ಯೋಚಿಸಿದರು.

"ಗಟ್ಟಿ ಬರತ್ತಾ?"

"ಚಾಕಲ್ಲಿ ಕುಯ್ಬೇಕು, ಅಂಗೆ."

"ನನ್ದೇ ತಪ್ಪು, ಮೇಲ್ಗಡೆ ಇಷ್ಟು ಸಪಾಟು ಮಾಡಿದ್ರೆ ಯಾರಾದ್ರೂ ಪಾತ್ರೆ ಇಡ್ತಾರೆ," ಎಂದು ಆಪಾ ಕುಳಿತು ಪರದೆ ಜೋಡಿಸಿದರು. ಪಾಠಗಳೆಲ್ಲ ಇದ್ದವು. ಬಿರುಗಾಳಿಯ ಹಿಂದಿನ ದಿನ ಓದಿದ ಕೊನೆಯ ಪುಟದವರೆಗೂ ಇದ್ದವು. ಒಳಗೇನಿದೆ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಆಪಾ ಒಂದು ಪಾಠ ಹಚ್ಚಿದರು. ದೊಡ್ಡಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿ, "ಅಯ್ಯೋ, ನಮ್ಮ್ ಮೊಸರಿನ ಕೆಳಗೆ ನೀನಿದ್ದಾ?" ಎಂದರು. ಆ ದಿನ ಆಪಾ ಡಬ್ಬದ ಮೇಲೆ ಒಂದು ಗೇಣು ಎತ್ತರಕ್ಕೆ ಕಬ್ಬಿಣದ ಜಾಲರಿ ಕೂರಿಸಿ, "ಕಾವು ನಿಮ್ದು, ಹಾಲು ಚೆಲ್ಲಿದ್ರೆ ಮಾತ್ರ ಜಗಳ," ಎಂದು ಒಪ್ಪಂದ ಮಾಡಿಕೊಂಡು, ಒಂದು ಡಬ್ಬಿ ಮೊಸರು ಕಟ್ಟಿಸಿಕೊಂಡೇ ಹೊರಟರು.

ಆ ವರ್ಷದ ಮಳೆಗಾಲದಲ್ಲಿ ರಫೀಕ್ ಸಾಹೇಬರು ತೀರಿಕೊಂಡರು. ಆಪಾ ಮೇಜಿನ ಮುಂದೆ ಕೂತಿದ್ದಾಗಲೇ, ಅವರಿಗೆ ಕೇಳಿಸುತ್ತಿದ್ದಂತೆಯೇ ಉಸಿರು ನಿಧಾನವಾಯಿತಂತೆ. ಈ ಸಲ ಅವರು ತಡಮಾಡದೆ ಎದ್ದುಹೋಗಿ ಕೈ ಹಿಡಿದು ಕೂತಿದ್ದರು.

ಶೋಕದ ದಿನಗಳು ಕಳೆದ ಮೇಲೆ ನಾನು ಹೋದಾಗ ಮೆಟ್ಟಿಲಿಗೇ ರೇಡಿಯೊ ಅಬ್ಬರ ಕೇಳಿಸಿತು. ಅದರ ಜೊತೆಗೆ ಕಟಕಟ ಎನ್ನುವ ಟೇಬಲ್ ಫ್ಯಾನು. ಮೇಜಿನ ಮೇಲೆ ಬಟ್ಟೆ ಹೊದಿಸಿದ್ದರು.

"ಸದ್ದು ಇರ್ಲಿ ಟೀಚರಮ್ಮ," ಎಂದರು. "ಸುಮ್ನಿದ್ರೆ ಕಿವಿ ಮಂಚದ ಕಡೆ ಹೋಗತ್ತೆ. ಹೋಗಿ ಬರೀ ಕೈಲಿ ವಾಪಸ್ ಬರತ್ತೆ. ಇನ್ನು ಯಾರಿಗೋಸ್ಕರ ಮಾಡ್ಲಿ ಇದನ್ನೆಲ್ಲ?"

ಸಮಾಧಾನದ ಮಾತು ಹೇಳುವ ಬದಲು, ಚಂದ್ರಿಕಾಳ ಹಾಸ್ಟೆಲಿನಲ್ಲಿ ಒಂದು ಕಂಪ್ಯೂಟರ್ ಹಾಳಾಗಿದೆ, ಬಂದು ನೋಡಿ ಎಂದೆ. ಬೇಡವೆಂದರು. ಚಂದ್ರಿಕಾಳಿಂದಲೇ ಫೋನ್ ಮಾಡಿಸಿದೆ. ಅವಳ ಬಾಯಿಗೆ ಸೋತು ಬಂದರು.

ಹಲಸೂರಿನ ಆ ಕೋಣೆಯಲ್ಲಿ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳು ಸಾಲಾಗಿ ಮೊರೆಯುತ್ತಿದ್ದವು. ಪರದೆಯ ಮೇಲಿರುವುದನ್ನು ಕಂಪ್ಯೂಟರು ದನಿಯಲ್ಲಿ ಓದಿ ಹೇಳಿದರೇ ಆ ಹುಡುಗಿಯರಿಗೆ ಕೆಲಸ. ಮೊರೆತದಲ್ಲಿ ಅದು ಕೇಳದೆ ಎಲ್ಲರೂ ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿದು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಹಾಗೆ ಕೂತಿದ್ದರು. ಆಪಾ ಬಾಗಿಲಲ್ಲಿ ನಿಂತರು. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದರು. "ಇಷ್ಟು ಗಲಾಟೇಲಿ ಮಕ್ಕಳನ್ನ ಕೂರಿಸಿದಾರಾ?" ಎಂದವರೇ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಹಾಳಾದದ್ದು ಯಾವುದೆಂದೂ ಕೇಳದೆ, ಮೊದಲನೆಯದರ ಮುಚ್ಚಳ ಬಿಚ್ಚಿದರು.

ಇಡೀ ಚಳಿಗಾಲ ಅದೇ ಕೆಲಸ. ಬಟ್ಟೆ ಹೊದಿಸಿದ್ದ ಮೇಜು ಮತ್ತೆ ತೆರೆಯಿತು. ತೊಟ್ಟಿಲನ್ನು ಈಗ ಆಪಾ ತಾವೇ ಹೊಲಿಯುತ್ತಿದ್ದರು. ಹೊಲಿಗೆ ವಕ್ರವಾಗಿ ಬಂದರೆ, ಖಾಲಿ ಮಂಚದ ಕಡೆ ನೋಡಿ, "ನಗಬೇಡಿ," ಎನ್ನುತ್ತಿದ್ದರು. ಕೊನೆಯ ಹಳೆ ಯಂತ್ರ ಹೊರಗೆ ಹೋದ ದಿನ ನಾನು ಆ ಕೋಣೆಯಲ್ಲಿದ್ದೆ. ಹುಡುಗಿಯರು ಒಬ್ಬೊಬ್ಬರಾಗಿ ಹೆಡ್‌ಫೋನ್ ತೆಗೆದರು. ಒಬ್ಬಳು ಏನೋ ಹೇಳಿದಳು, ಪಕ್ಕದವಳು ನಕ್ಕಳು, ಆಮೇಲೆ ಕೋಣೆಯೆಲ್ಲ ಮಾತು. ಚಂದ್ರಿಕಾ ಎದ್ದು ಗೋಡೆ ತಡವುತ್ತ ಬಂದು ಆಪಾ ಅವರ ಎರಡೂ ಕೈ ಹಿಡಿದುಕೊಂಡಳು.

ಆಪಾ ಈಗಿಲ್ಲ. ಚಿಂತಾಮಣಿಗೆ ತಂಗಿಯ ಮಗಳ ಮದುವೆಗೆಂದು ಹೋದವರು, ಮದುವೆ ಮುಗಿದ ಮೇಲೆ ಅಲ್ಲೇ ನಿದ್ದೆಯಲ್ಲಿ ಹೊರಟುಹೋದರು. ಆಯೇಷಾ ಫೋನ್ ಮಾಡಿ ಹೇಳುವ ಹೊತ್ತಿಗೆ ಮಣ್ಣೂ ಮುಗಿದಿತ್ತು.

ನಾನು ಅವರನ್ನು ಕೊನೆಯದಾಗಿ ಕಂಡದ್ದು ಆ ಪ್ರಯಾಣದ ದಿನವೇ, ಕೆ.ಆರ್. ಪುರದ ಬಸ್ ಸ್ಟಾಪಿನಲ್ಲಿ. ಹೊಸ ಸೀರೆ ಉಟ್ಟು, ತೋಳಿನಲ್ಲಿ ಮಗುವನ್ನು ಹಿಡಿದಂತೆ ಒಂದು ಚೀಲ ಹಿಡಿದಿದ್ದರು. ಮದುಮಗಳಿಗೆ ಕಂಪ್ಯೂಟರು. "ಚಿನ್ನ ಎಲ್ರೂ ಕೊಡ್ತಾರೆ. ಓದೋ ಹುಡುಗಿ, ಗಂಡನ ಮನೇಲೂ ಓದ್ಲಿ. ಇದು ಆನ್ ಇದೆ ಅಂತ ಅತ್ತೆಗೂ ಗೊತ್ತಾಗಲ್ಲ," ಎಂದು ನಕ್ಕರು. ಈಗ ಏನು ಓದುತ್ತಿದ್ದೀರಿ ಎಂದು ಕೇಳಿದರು. ಇತಿಹಾಸದ ಪಾಠ ಎಂದೆ.

"ಬರೀ ಪಾಠಾನಾ? ಕಥೆ ಓದ್ರೀ ಟೀಚರಮ್ಮ. ನಗೋದು, ಅಳೋದು ಎಲ್ಲ ಇರೋದು. ಇಷ್ಟು ಸುಮ್ನಿರೋ ಡಬ್ಬ ಕಟ್ಟಿ ಕೊಟ್ಟಿದೀನಿ, ಅದಕ್ಕೆ ತಕ್ಕಂಗೆ ಏನಾದ್ರೂ ಹೇಳಿ."

ಅಷ್ಟರಲ್ಲಿ ಬಸ್ಸು ಬಂತು. ಜನರನ್ನು ಸರಿಸಿಕೊಂಡು ಹತ್ತಿದರು. ಚೀಲವನ್ನು ಮೇಲಿನ ಅಟ್ಟಕ್ಕೆ ಹಾಕಿ ಎಂದು ಕಂಡಕ್ಟರ್ ಹೇಳಿದ್ದು ಹೊರಗಿದ್ದ ನನಗೂ ಕೇಳಿಸಿತು. ಆಪಾ ಒಪ್ಪಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಒಬ್ಬನನ್ನು ಎಬ್ಬಿಸಿ, ಆ ಸೀಟಿನಲ್ಲಿ ಚೀಲವನ್ನು ಕೂರಿಸಿ, ಅದರ ಪಕ್ಕ ತಾವು ಕೂತು, ಎರಡು ಟಿಕೆಟ್ ಕೊಡು ಎಂದು ಕೈ ಚಾಚಿದರು. ನಾನು ಕೈ ಬೀಸಿದೆ. ಬಸ್ಸು ಹೊರಟು ಹಳೆ ಮದ್ರಾಸು ರಸ್ತೆಯ ಗದ್ದಲದಲ್ಲಿ ಸೇರಿಹೋಗುವವರೆಗೂ ಆಪಾ ಕಂಡಕ್ಟರನಿಗೆ ಏನೋ ವಿವರಿಸುತ್ತಲೇ ಇದ್ದರು, ನನ್ನ ಕಡೆ ತಿರುಗಲೇ ಇಲ್ಲ.