ಅಣ್ಣನ ಪಾಲು

ನಮ್ಮ ತವರಿನಲ್ಲಿ ನಾಗರ ಪಂಚಮಿಗೆ ಹಾಲೆರೆಯುವಾಗ ಒಬ್ಬೊಬ್ಬರ ಪಾಲು ಹೇಳಿ ಎರೆಯುತ್ತೇವೆ. ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ ಮಣ್ಣಿನ ನಾಗಪ್ಪನ ಮೇಲೆ ಹಿಡಿದು, ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಶುರು ಮಾಡಿ, ಮಕ್ಕಳನ್ನೆಲ್ಲ ಮುಗಿಸಿ, ಎತ್ತು ಎಮ್ಮೆಗಳ ತನಕ ಬರಬೇಕು. ಇದು ಹೆಣ್ಣುಮಕ್ಕಳ ಕೆಲಸ. ಮದುವೆಯಾಗಿ ಹೋದವರೂ ಇದಕ್ಕೆಂದೇ ಬರುತ್ತಾರೆ.

ಅಣ್ಣನಿಗೆ ಅಲ್ಲೇನೂ ಕೆಲಸವಿರಲಿಲ್ಲ. ಆದರೂ ಎಲ್ಲಿದ್ದರೂ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದ. ತನ್ನ ಪಾಲು ಬಂತೋ, ತಕರಾರು ಶುರು.

“ಏನ್ ಬೇ, ನನ್ನ ಪಾಲಿಗೆ ಇಷ್ಟ ಏನು? ಎಮ್ಮಿ ಪಾಲಿಗೆ ಮಾತ್ರ ಕೈ ಸಡ್ಲ ಬಿಡ್ತಿ. ಇನ್ನೊಂದ್ ಹನಿ ಹಾಕ.”

“ಎಮ್ಮಿ ಹಾಲು ಕೊಡತೈತಿ. ನೀ ಏನ್ ಕೊಡ್ತಿ?”

ಪ್ರತಿ ವರ್ಷ ಅದೇ ಜಗಳ, ಅದೇ ಮಾತು. ಮೊಮ್ಮಕ್ಕಳಾದ ಮೇಲೂ ಅವನು ಬಿಡಲಿಲ್ಲ. ನಾನು ಇನ್ನೊಂದು ಹನಿ ಹಾಕುವವರೆಗೆ ಉಂಡಿಯ ಡಬ್ಬಿಯ ಮುಚ್ಚಳ ತೆಗೆಯಲು ಯಾರನ್ನೂ ಬಿಡುತ್ತಿರಲಿಲ್ಲ.

ತವರೂರು ಯರಗುಪ್ಪಿಯ ಎರೆಹೊಲದಲ್ಲಿ ಹೆಸರು, ಜೋಳ, ಕಡಲೆ ಬೆಳೆದುಕೊಂಡಿದ್ದವನು. ನನ್ನನ್ನು ಮಿಶ್ರಿಕೋಟಿಗೆ ಕೊಟ್ಟ ಮೇಲೆ ಪ್ರತಿ ಪಂಚಮಿಗೂ ತಾನೇ ಕರೆಯಲು ಬರುತ್ತಿದ್ದ. ನಾನೊಬ್ಬಳೇ ಬಸ್ಸಿಗೆ ಬರುತ್ತೇನೆ ಎಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಬಂದವನು ಕೂಡುತ್ತಲೂ ಇರಲಿಲ್ಲ. ಚಹಾ ಮುಗಿಸಿ, “ನಡಿ ಹೋಗೂಣು” ಎಂದು ನನ್ನ ಚೀಲ ಎತ್ತಿಕೊಂಡು ಹೊರಗೆ ನಿಂತುಬಿಡುತ್ತಿದ್ದ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ನನಗೆ ಮಿರ್ಚಿ ಭಜಿ ಕೊಡಿಸಿ, ತನಗೆ ಬೇಡವೆಂದು ಹೇಳಿ, ಆಮೇಲೆ ನನ್ನದರಲ್ಲೇ ಅರ್ಧ ಮುರಿದುಕೊಳ್ಳುತ್ತಿದ್ದ. ಜಿಪುಣನೇನಲ್ಲ, ನನ್ನದನ್ನು ಕಸಿದು ತಿಂದರೇ ಅವನಿಗೆ ರುಚಿ. ಅದಕ್ಕೆ ಸಿಟ್ಟಿಗೇಳುವುದು ನನಗೂ ರೂಢಿಯಾಗಿತ್ತು.

ಪಾಲು ಹೇಳುವುದಕ್ಕೆ ನಮ್ಮಲ್ಲಿ ಒಂದು ನಿಯಮ. ಇದ್ದವರ ಪಾಲು ಮಾತ್ರ ಹೇಳಬೇಕು. ಅಪ್ಪ ಹೋದ ಮೇಲೆ ಅವ್ವ ಅಪ್ಪನ ಪಾಲನ್ನು ದಾಟಿ ಮುಂದೆ ಹೋದಳು. ಅವ್ವ ಹೋದ ಮೇಲೆ ನಾನೂ ಹಾಗೆಯೇ ಮಾಡಿದೆ. ಹೀಗಾಗಿ ದೇವರ ಪಾಲಾದ ಕೂಡಲೇ ಬರುವವನು ಅಣ್ಣನೇ ಆದ. “ಈಗ ನಾನ ಹಿರ್ಯಾ. ಒಂದ್ ಹನಿ ಸಾಲಂಗಿಲ್ಲ” ಎಂದು ಅದಕ್ಕೂ ಜೋರು ಮಾಡಿದ್ದ.

ಹೋದ ವರ್ಷ ಯುಗಾದಿಗಿಂತ ಮೊದಲು ಅಣ್ಣ ತೀರಿಕೊಂಡ. ಹೊಲದಿಂದ ಬಂದವನು ಎದೆನೋವು ಅಂದನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ವರ್ಷ ಹಬ್ಬ ಮಾಡಲಿಲ್ಲ. ಈ ಶ್ರಾವಣದಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನ್ ಮಾಡಿದರು.

“ಬಾರವಾ. ನೀ ಬರದಿದ್ರ ಇಲ್ಲೆ ಹಾಲು ಹಾಕವ್ರು ಯಾರು?”

ಒಬ್ಬಳೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ದೇವರ ಪಾಲಾದ ಮೇಲೆ ಏನು ಹೇಳಲಿ? ನಿಯಮದ ಪ್ರಕಾರ ಅಣ್ಣನನ್ನು ದಾಟಬೇಕು. ಅಪ್ಪನನ್ನು, ಅವ್ವನನ್ನು ದಾಟಿದ ನನ್ನ ಬಾಯಿಗೆ ಇದು ಮಾತ್ರ ಆಗದು ಅನ್ನಿಸಿತು. ಒಂದು ಹನಿಗಾಗಿ ಜೀವಮಾನವಿಡೀ ಜಗಳ ತೆಗೆದವನಿಗೆ ಈಗ ಪಾಲೇ ಇಲ್ಲ ಅಂದರೆ ಹೇಗೆ? ಇಂಥ ಪೇಚಿಗೆ ಸಿಕ್ಕಿಸಿ ಹೋದನಲ್ಲ ಎಂದು ಅವನ ಮೇಲೇ ಸಿಟ್ಟು ಬಂತು. ಹುಬ್ಬಳ್ಳಿಯಲ್ಲಿ ಏನೂ ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣನ ಸೊಸೆ ನಾಗಪ್ಪನನ್ನು ಮಣೆಯ ಮೇಲೆ ಕೂಡಿಸಿ, ಹೂವು ಏರಿಸಿ, ಹಾಲಿನ ಗಿಂಡಿ ತಂದಿಟ್ಟಳು. ವೈನಿ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದರು. “ಮುಂದ ಬರ್ರಿ ವೈನಿ” ಅಂದೆ. ಬರಲಿಲ್ಲ.

ದೇವರ ಪಾಲು ಎಂದು ಹಾಲೆರೆದೆ. ಬಟ್ಟಲನ್ನು ಮತ್ತೆ ಅದ್ದಿದೆ. ಈಗ ಮನೆಗೆ ಹಿರಿಯರು ವೈನಿ. ಅವರ ಪಾಲು ಹೇಳಬೇಕೆಂದು ಬಟ್ಟಲು ಎತ್ತಿದವಳು ಹಾಗೇ ಹಿಡಿದುಕೊಂಡೆ. ಹಾಲು ಕೈಮೇಲೆ ಹರಿದು ಮೊಳಕೈಗೆ ಬಂತು.

ವೈನಿ ಬಾಗಿಲು ಬಿಟ್ಟು ಬಂದು ನನ್ನ ಬೆನ್ನ ಹಿಂದೆ ನಿಂತರು.

“ನಂದು ಆಮ್ಯಾಲ. ಮೊದಲ ನಿಮ್ಮಣ್ಣಂದು ಹಾಕ.”

“ಇದ್ದವ್ರದಷ್ಟ ಅಲ್ರಿ ವೈನಿ?”

“ಇರ್ಲಿ. ಹಾಕ.”

ಅಣ್ಣನ ಪಾಲು ಎಂದೆ. ಒಂದು ಹನಿ ಬಿತ್ತು. ಹಿಂದಿನಿಂದ ದನಿ ಬರಲಿ ಎಂದು ಕಾಯುತ್ತ ಹಾಗೇ ಕೂತಿದ್ದೆ. ವೈನಿಗೂ ಗೊತ್ತಾಗಿರಬೇಕು.

“ಇನ್ನೊಂದ್ ಹನಿ ಹಾಕ ಬೇ. ಅಷ್ಟಕ್ಕ ಅವರು ಎಲ್ಲಿ ಸುಮ್ನಿರ್ತಾರ?”

ನಾನು ಗಿಂಡಿಯನ್ನೇ ಎತ್ತಿ ಬಗ್ಗಿಸಿದೆ. ಉಳಿದವರಿಗೆಲ್ಲ ಒಂದೊಂದೇ ಹನಿ ಸಿಕ್ಕಿತು. ಎಮ್ಮೆಯ ಪಾಲಿಗೆ ಬರುವಷ್ಟರಲ್ಲಿ ಹಾಲು ಮುಗಿದಿತ್ತು.